ಮಂಡಿನೋವು

ತನ್ನೂರಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಮನುಷ್ಯ ಅವನು. ಬಾಯಿ ತೆರೆದರೆ ಮೂರು ಬೀದಿಗೆ ಕೇಳಬೇಕು. ಯುದ್ಧಕ್ಕೆ ಹೆದರಿ, ಹೆಂಡತಿ ಮಗಳನ್ನು ಕಟ್ಟಿಕೊಂಡು ಗಡಿ ದಾಟಿ ಈ ನಗರ ಸೇರಿದ ಮೇಲೆ ಆ ಬಾಯಿಗೆ ಬೀಗ ಬಿತ್ತು. ಇಲ್ಲಿಯ ಭಾಷೆ ಎಷ್ಟು ತಿಣುಕಿದರೂ ಅವನ ನಾಲಿಗೆಗೆ ಹತ್ತಲಿಲ್ಲ.

ನಿರಾಶ್ರಿತರ ಕ್ಲಿನಿಕ್ಕಿನಲ್ಲಿ ಇಷ್ಟು ದಿನ ಒಬ್ಬ ದುಭಾಷಿ ಇದ್ದ. ಬೋಳುತಲೆಯ ಗೃಹಸ್ಥ. ಗಂಡಸರ ಮೂಲವ್ಯಾಧಿಯಿಂದ ಹಿಡಿದು ಮಲಗುವ ಕೋಣೆಯ ಸಂಕಟದವರೆಗೆ ಎಲ್ಲವನ್ನೂ ಗೋಡೆ ನೋಡಿಕೊಂಡು, ಹವಾಮಾನ ವರದಿ ಓದಿದ ಹಾಗೆ ಡಾಕ್ಟರಿಗೆ ದಾಟಿಸುತ್ತಿದ್ದ. ನೆರವು ಕೊಡುವ ದೇಶಗಳು ಕೈ ಬಿಗಿ ಹಿಡಿದವು. ಮೊದಲ ಕತ್ತರಿ ಬಿದ್ದದ್ದು ಅವನ ಸಂಬಳಕ್ಕೆ. ಡಾಕ್ಟರು ಉಳಿದರು, ಮಾತು ಹೋಯಿತು. ಇದನ್ನೇ ಉಳಿತಾಯ ಅಂದುಕೊಂಡರು, ಪುಣ್ಯಾತ್ಮರು!

ಈಗ ಆ ಕುರ್ಚಿಯಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಅವನ ಮಗಳು ಕುಳಿತಿದ್ದಳು. ಕಾಲು ಇನ್ನೂ ಸರಿಯಾಗಿ ನೆಲಕ್ಕೆ ಎಟುಕುತ್ತಿರಲಿಲ್ಲ.

"ಏನಾಗ್ತಿದೆ ಅಂತ ಕೇಳ್ತಿದಾರಪ್ಪಾ."

ಮೂತ್ರದಲ್ಲಿ ರಕ್ತ ಹೋಗತೊಡಗಿ ವಾರಗಳೇ ಆಗಿದ್ದವು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಬಂದಿದ್ದ. ಆದರೆ ಹೆತ್ತ ಮಗಳ ಮುಂದೆ ಅದನ್ನು ಹೇಗೆ ಆಡುವುದು? ಆಡಿದರೂ, ಅವಳ ಎಳೆಯ ಬಾಯಿಂದ ಅದನ್ನು ಪರಗಂಡಸಿಗೆ ಹೇಳಿಸುವುದೇ? ನಾಚಿಕೆಯಿಂದ ಅವನ ಕಿವಿಯೆಲ್ಲ ಬಿಸಿಯಾಯಿತು.

"ಮಂಡಿನೋವು ಅಂತ ಹೇಳಮ್ಮ."

"ಅಷ್ಟೇನಾ?"

"ಇನ್ನೇನಿರುತ್ತೆ? ನಿಂತೂ ನಿಂತೂ ಸವೆದುಹೋಗಿದೆ, ಅಷ್ಟೇ."

ನಂಬಿಕೆ ಬರಲೆಂದು ಮಂಡಿಗೆ ಎರಡು ಗುದ್ದನ್ನೂ ಕೊಟ್ಟುಕೊಂಡ. ಕೊಳೆತ ಮಾಲನ್ನು ಹೊಗಳಿ ಮಾರಿದ ಅನುಭವವೇನು ಕಡಿಮೆಯೇ?

ಮಗಳು ಡಾಕ್ಟರ ಕಡೆ ತಿರುಗಿ ಹೇಳತೊಡಗಿದಳು. ಮಂಡಿನೋವಿಗೆ ಇಷ್ಟುದ್ದ ಮಾತೇಕೆ ಎಂದು ಅವನಿಗೆ ಗಾಬರಿಯಾಯಿತು. ಡಾಕ್ಟರು ಪೆನ್ನು ಕೆಳಗಿಟ್ಟರು. ಅವನ ಮಂಡಿಯನ್ನು ಮುಟ್ಟಲೂ ಇಲ್ಲ. ಡ್ರಾಯರಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ಅವನ ಕೈಗಿಟ್ಟು, ಶೌಚಾಲಯದ ಬಾಗಿಲು ತೋರಿಸಿದರು.

ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಏನು ಹೇಳ್ದೆ ನೀನು?"

ಮಗಳು ತಲೆ ಎತ್ತಲಿಲ್ಲ. "ಅಮ್ಮ ಕೆಲಸಕ್ಕೆ ಹೋದ್ಮೇಲೆ ನಿನ್ನ ಬಟ್ಟೆ ಒಗೆಯೋಳು ನಾನೇ ಅಲ್ವೇನಪ್ಪಾ?"

ಹಾಗಾದರೆ ಇಷ್ಟು ದಿನವೂ ಅವಳಿಗೆ ಗೊತ್ತಿತ್ತು. ಒಬ್ಬಳೇ ಹೆದರಿಕೊಂಡು, ಕಲೆ ಹೋಗುವ ತನಕ ಉಜ್ಜಿದ್ದಳು.

ಅವನು ಡಬ್ಬಿಯನ್ನು ಅಂಗಿಯ ಅಂಚಿನಲ್ಲಿ ಮುಚ್ಚಿಕೊಂಡು ಎದ್ದ. ಯಾರೂ ಕಲಿಸದಿದ್ದರೂ, ಮಗಳು ಅವನು ಒಳಗೆ ಹೋಗುವವರೆಗೆ ಗೋಡೆಯನ್ನೇ ನೋಡುತ್ತ ಕುಳಿತಳು.