ಏಳನೆಯ ಪಕ್ಕೆಲುಬು

ಚಿಕಿತ್ಸೆ ಮುಗಿದ ಐದನೆಯ ವಾರ ಶೋಭಾಳ ಎಡ ಪಕ್ಕೆಯಲ್ಲಿ ನೋವು ಕಾಣಿಸಿಕೊಂಡಿತು. ಆಳವಾಗಿ ಉಸಿರೆಳೆದರೆ ಒಂದೇ ಕಡೆ, ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚುತ್ತಿತ್ತು. ಆಪರೇಷನ್ ಆಗಿದ್ದೂ ಎಡ ಸ್ತನಕ್ಕೇ.

ಅವಳಿಗೆ ನಲವತ್ತೇಳು ವರ್ಷ. ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ. ಗಂಡ ಗುರುಸಿದ್ದಪ್ಪ ಅಲ್ಲಿಯೇ ಸ್ಟೋರ್ಸಿನಲ್ಲಿದ್ದ. ಮಕ್ಕಳಿರಲಿಲ್ಲ. ಎಂಟು ತಿಂಗಳ ಕೀಮೋ, ಆಪರೇಷನ್, ರೇಡಿಯೇಷನ್ ಮುಗಿಸಿ ಅವಳು ಡ್ಯೂಟಿಗೆ ಮರಳಿ ಹದಿನೈದು ದಿನವಾಗಿತ್ತು. ಆ ಎಂಟು ತಿಂಗಳೂ ವಿಜಯಪುರದಿಂದ ಬಂದು ಜೊತೆಗಿದ್ದವಳು ಅಕ್ಕ ಉಮಾಬಾಯಿ. ಅರವತ್ತೊಂದರ ವಿಧವೆ. ಕಣ್ಣಿಗೆ ಪೊರೆ ಬಂದು ಅಕ್ಕಿಯಲ್ಲಿನ ಕಲ್ಲು ಕಾಣದಿದ್ದರೂ ತನ್ನ ಆಪರೇಷನ್ ಮುಂದೂಡುತ್ತಲೇ ಇದ್ದಳು. ತಂಗಿ ಡ್ಯೂಟಿಗೆ ಹೋದ ಮೇಲೆಯೇ ಊರಿಗೆ ಹೊರಟಳು. ಅವಳನ್ನು ನಾಂಪಲ್ಲಿಯಲ್ಲಿ ರೈಲು ಹತ್ತಿಸಿ ಬಂದ ಮರುದಿನವೇ ಈ ನೋವು.

ಗಂಡನಿಗೆ ಹೇಳಲು ಶೋಭಾ ಆರು ದಿನ ತೆಗೆದುಕೊಂಡಳು. ಭಾನುವಾರ ಅವನು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದ. ಕೇಳಿದವನು ಕೈಯಲ್ಲಿದ್ದ ದಂಟನ್ನು ಸೊಪ್ಪಿನ ರಾಶಿಗೇ ಹಾಕಿದ.

"ಅಕ್ಕಾರಿಗೆ ಫೋನ್ ಹಚ್ಚಲೇನು?"

"ಬ್ಯಾಡ್ರಿ. ಗುರುವಾರ ಆಕಿ ಕಣ್ಣಿನ ಆಪರೇಷನ್ ಐತಿ. ಗೊತ್ತಾದ್ರ ಬಿಟ್ಟು ಬರ್ತಾಳ."

ಸೋಮವಾರ ಆಸ್ಪತ್ರೆಯಲ್ಲಿ, ಅವಳಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರಮ್ಮ ಆ ಜಾಗವನ್ನು ಒತ್ತಿ ನೋಡಿದರು. ಮಾಂಸಖಂಡದ ನೋವಿರಬಹುದು, ಬೇರೆಯೂ ಇರಬಹುದು, ಮುಟ್ಟಿ ಹೇಳುವುದು ಸಾಧ್ಯವಿಲ್ಲ ಎಂದು ಬೋನ್ ಸ್ಕ್ಯಾನ್ ಬರೆದುಕೊಟ್ಟರು. ದಿನ ಸಿಕ್ಕಿದ್ದು ಗುರುವಾರ. ರಜೆ ಹಾಕುತ್ತೇನೆ ಎಂದ ಗಂಡನನ್ನು ಶೋಭಾ ತಡೆದಳು.

"ಬರಬ್ಯಾಡ್ರಿ. ನಿಮ್ಮ ಮಾರಿ ನೋಡಕೋತ ಕೂಡೂದು ನನ್ನಿಂದ ಆಗೂದಿಲ್ಲ."

ಅವನಿಗೆ ಬೇಸರವಾಯಿತು. ಆದರೂ ಡ್ಯೂಟಿಗೆ ಹೋದ.

ಆಸ್ಪತ್ರೆಯಲ್ಲಿ ಒಂಬತ್ತೂವರೆಗೆ ಇಂಜೆಕ್ಷನ್ ಕೊಟ್ಟು, ಔಷಧಿ ಎಲುಬಿಗೆ ಇಳಿಯಲು ಮೂರು ತಾಸು ಕಾಯಬೇಕು, ಚೆನ್ನಾಗಿ ನೀರು ಕುಡಿಯಬೇಕು ಎಂದರು. ಶೋಭಾ ಬಾಟಲಿ ಹಿಡಿದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಳು. ಹನ್ನೊಂದಕ್ಕೆ ಉಮಾಬಾಯಿಯ ಫೋನ್ ಬಂತು.

"ಆತವ್ವಾ. ಹತ್ತು ನಿಮಿಷದ ಕೆಲಸ ನೋಡು. ಪಟ್ಟಿ ಕಟ್ಟಿ ಮನಿಗೆ ಕಳಿಸ್ಯಾರ. ನೀ ಎಲ್ಲಿದ್ದಿ?"

"ಡ್ಯೂಟಿ ಮ್ಯಾಲೆ ಅದೀನಿ."

ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರು ಕೂಗಿತು: "ಟೋಕನ್ ನಂಬರ್ ನಲಭೈ ರೆಂಡು." ಎಂಟು ತಿಂಗಳು ಅದೇ ಧ್ವನಿ ಕೇಳಿ ಕೇಳಿಯೇ ಉಮಾಬಾಯಿ ತೆಲುಗಿನ ಅಂಕಿಗಳನ್ನು ಕಲಿತಿದ್ದಳು.

ಫೋನಿನಲ್ಲಿ ಅದು ಅವಳಿಗೂ ಕೇಳಿಸಿತು.

"ಏನಾಗೇತಿ?" ಎಂದಳು ಉಮಾಬಾಯಿ.

ಶೋಭಾ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಅಕ್ಕ ಅಳುತ್ತಾಳೆ ಎಂದುಕೊಂಡಿದ್ದಳು. ಅಕ್ಕ ಸಿಟ್ಟಾದಳು.

"ನನಗ್ಯಾಕ ಹೇಳಲಿಲ್ಲ?"

"ನಿನ್ನ ಕಣ್ಣು ಮತ್ತ ಹಿಂದ ಬೀಳತಿತ್ತು."

"ಕಣ್ಣು ನಂದು. ಬರೂದೋ ಬಿಡೂದೋ ನಾ ನೋಡಕೋತಿದ್ದೆ. ಈಗ ಬರೂಣಂದ್ರ ಬಗ್ಗಬ್ಯಾಡ, ವಾರದ ಮಟ ಎಲ್ಲೂ ಹೋಗಬ್ಯಾಡ ಅಂದಾರ."

"ತಪ್ಪಾತು, ಅಕ್ಕಾ."

"ಇರಲಿ. ಫೋನ್ ಇಡಬ್ಯಾಡ."

ಇಬ್ಬರೂ ಇಡಲಿಲ್ಲ. ಉಮಾಬಾಯಿ ಮೇಲಿನ ಮನೆಯ ಬಾಡಿಗೆಯವರ ಹಸಿ ಬಟ್ಟೆಯ ನೀರು ತನ್ನ ತುಳಸಿಯ ಮೇಲೆ ಸುರಿಯುವುದನ್ನು ಹೇಳಿದಳು. ಶೋಭಾ, ತನ್ನ ಎದುರಿನ ಮುದುಕ ಬೂಟು ಬಿಚ್ಚಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದನ್ನು ಹೇಳಿದಳು. ಅದರ ನಡುವೆಯೇ ಶೋಭಾ, "ಅಕ್ಕಾ, ಮತ್ತ ಬಂದಿದ್ರ ನಾ ಕೀಮೋ ತಗೊಳೂದಿಲ್ಲ" ಎಂದಳು.

"ಅದನ್ನ ಆವಾಗ ಮಾತಾಡೂಣು. ಈಗ ನೀರು ಕುಡಿ."

ಹನ್ನೆರಡೂವರೆಗೆ ಅವಳನ್ನು ಒಳಗೆ ಕರೆದರು.

ಶನಿವಾರ ವರದಿ ಬಂತು. ಎಡಗಡೆಯ ಏಳನೆಯ ಪಕ್ಕೆಲುಬಿನಲ್ಲಿ ಒಂದು ಚುಕ್ಕೆ, ಕಾರಣ ಸ್ಪಷ್ಟವಿಲ್ಲ, ಸಿಟಿ ಸ್ಕ್ಯಾನ್ ಮಾಡಿಸುವುದು. ಅದು ಆಗಿ ಫಲಿತಾಂಶ ಸಿಗಲು ಇನ್ನೂ ನಾಲ್ಕು ದಿನ. ರಜಾದಿನ ಬಿಟ್ಟರೆ ಶೋಭಾ ಡ್ಯೂಟಿಗೆ ಹೋದಳು. ಭೂತಗನ್ನಡಿಯ ಕೆಳಗೆ ಬೆಸುಗೆಗಳನ್ನು ನೋಡಿದಳು, ಸರಿ ಇದ್ದವಕ್ಕೆ ಸಹಿ ಹಾಕಿದಳು. ಗುರುಸಿದ್ದಪ್ಪ ಯಾರೂ ಹೇಳದೆ ಮನೆಯ ಫ್ಯಾನುಗಳನ್ನೆಲ್ಲ ಇಳಿಸಿ ಒರೆಸಿದ.

ಬುಧವಾರ ಡಾಕ್ಟರಮ್ಮ ಕಂಪ್ಯೂಟರನ್ನು ಗಂಡಹೆಂಡಿರ ಕಡೆ ತಿರುಗಿಸಿ ಎಲುಬಿನ ಮೇಲಿನ ಒಂದು ಸಣ್ಣ ಗೆರೆಯನ್ನು ತೋರಿಸಿದರು.

"ಜೋರಾಗಿ ಕೆಮ್ಮು ಬಂದಿತ್ತಾ?" ಎಂದು ತೆಲುಗಿನಲ್ಲಿ ಕೇಳಿದರು.

ಬಂದಿತ್ತು. ರೇಡಿಯೇಷನ್ನಿನ ಕೊನೆಗೆ ಶುರುವಾದ ಕೆಮ್ಮು ತಿಂಗಳಾದರೂ ಬಿಟ್ಟಿರಲಿಲ್ಲ. ಔಷಧಿಗಳಿಂದ ಎಲುಬು ಬಡವಾಗಿದೆ, ಕೆಮ್ಮಿಗೆ ಸೀಳು ಬಿಟ್ಟಿದೆ, ಈಗ ಕೂಡುತ್ತಿದೆ. ಕ್ಯಾನ್ಸರ್ ಅಲ್ಲ. ಗುರುಸಿದ್ದಪ್ಪ ಅದನ್ನು ಇನ್ನೊಮ್ಮೆ ಹೇಳಿಸಿದ. ಡಾಕ್ಟರಮ್ಮ ಹೇಳಿದರು. ಮೂರು ತಿಂಗಳಿಗೊಮ್ಮೆ ಬರಬೇಕು, ಯಾವ ನೋವಾದರೂ ಎರಡು ವಾರ ನಿಂತರೆ ತಿಳಿಸಬೇಕು, ಮುಂದಿನದಕ್ಕೆ ಯಾರೂ ಮಾತು ಕೊಡಲಾರರು ಎಂದೂ ಹೇಳಿದರು.

ಪಾರ್ಕಿಂಗಿನಲ್ಲಿ ಗುರುಸಿದ್ದಪ್ಪ ಸ್ಕೂಟರಿನ ಮೇಲೆ ಕೂತು ಅತ್ತ. ಶೋಭಾ ಎರಡೂ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ. ಹೊಟ್ಟೆ ಹಸಿದಿತ್ತು. ಬೇಗಂಪೇಟೆಯ ಒಂದು ಟಿಫಿನ್ ಸೆಂಟರಿನಲ್ಲಿ ಇಡ್ಲಿ ಹೇಳಿದರು. ತಟ್ಟೆ ಬಂದ ಮೇಲೂ ಅವಳು ತೊಡೆಯ ಮೇಲಿನ ಹೆಲ್ಮೆಟ್ಟನ್ನು ಎರಡೂ ಕೈಯಿಂದ ಹಿಡಿದೇ ಕೂತಿದ್ದಳು. ಗುರುಸಿದ್ದಪ್ಪ ಇಡ್ಲಿ ಮುರಿದು ಚಟ್ನಿಯಲ್ಲಿ ಅದ್ದಿ ಅವಳ ಬಾಯಿಗೆ ಕೊಟ್ಟ. ಸುತ್ತ ಜನರಿದ್ದರು. ಅವಳು ತಿಂದಳು.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದಳು.

"ಎಲುಬು ಸೀಳೇತಿ ಅಷ್ಟ. ಬ್ಯಾರೆ ಏನಿಲ್ಲ."

ಉಮಾಬಾಯಿ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ಮುಂದಿಂದು ಯಾವಾಗ?"

"ಏಪ್ರಿಲ್ ಎಂಟು."

"ಬರ್ತೀನಿ."

ಬೇಡ ಎನ್ನಲು ಶೋಭಾ ಬಾಯಿ ತೆರೆದಳು. "ಎರಡ ದಿನ ಮೊದಲ ಬಾ" ಎಂದಳು.

ಪಕ್ಕೆಯ ನೋವು ಹೋಗಲು ಮತ್ತೆ ಆರು ವಾರ ಹಿಡಿಯಿತು. ಹೋದ ಮೇಲೂ ಅವಳು ದಿನಾ ಸ್ನಾನಕ್ಕೆ ಮುಂಚೆ ಅಲ್ಲಿ ಒತ್ತಿ ನೋಡಿಕೊಳ್ಳುತ್ತಿದ್ದಳು. ಏಪ್ರಿಲ್‌ನಲ್ಲಿ ಏನೂ ಕಾಣಲಿಲ್ಲ. ಜುಲೈ ತಪಾಸಣೆಗೆ ತಾರೀಖು ಬರೆಸಿಕೊಂಡು ಅಕ್ಕತಂಗಿಯರು ಮನೆಗೆ ಬಂದರು.