ಬೇಡ ಎನ್ನುವ ಗುಂಡಿ

ಹಸಿರು, ಮತ್ತೆ ಆ ಹಸಿರು ಬಿಲ್ಲೆ, ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಅದೇ, ನನ್ನನ್ನು ನೋಡಿಕೊಳ್ಳುವ ಮರಗಮ್ಮ ಟ್ಯಾಬನ್ನು ಮುಖಕ್ಕೇ ಹಿಡಿದಿದ್ದಾಳೆ — ಹೊರಗೆ ಡೊಂಬಿವಲಿ ಸ್ಟೇಷನ್ನಿನ ಆ ಹೆಂಗಸಿನ ದನಿ, ಕಲ್ಯಾಣದ ಕಡೆಗೆ ಹೋಗುವ ಗಾಡಿ, ಎಷ್ಟು ಚಂದ ಹೇಳುತ್ತಾಳೆ, ತಿರುಗಿ ಕೇಳುವವರಿಲ್ಲದಿದ್ದರೆ ಯಾರು ಬೇಕಾದರೂ ಚಂದ ಹೇಳುತ್ತಾರೆ, ನನಗೂ ಹೊಸ ದನಿ ಸಿಕ್ಕಿದೆಯಲ್ಲ, ಈ ಟ್ಯಾಬಿನೊಳಗೆ, ಮಗಳು ಮಾಡಿಕೊಟ್ಟದ್ದು, ಲೋಟದ ಚಿತ್ರ ಮುಟ್ಟಿದರೆ ಮುಝೇ ಪಾನೀ ಚಾಹಿಯೇ ಅನ್ನುತ್ತಾಳೆ ಯಾವಳೋ ಹುಡುಗಿ ನನ್ನ ಪರವಾಗಿ, ಕನ್ನಡದ ದನಿ ಸಿಗಲಿಲ್ಲ ಅಮ್ಮ, ಅಭೀ ತಕ್ ಆಯಾ ನಹೀಂ ಅಂದಳು ಇಂಚರ, ಮೈಸೂರಿನ ಸುಬ್ಬಲಕ್ಷ್ಮಿ ಕೊನೆಗಾಲಕ್ಕೆ ಹಿಂದಿಯಲ್ಲಿ ನೀರು ಕೇಳುತ್ತಾಳೆ, ನಗಬೇಕೆನಿಸುತ್ತದೆ, ನಕ್ಕರೆ ಬಾಯಿ ಒಂದೇ ಕಡೆಗೆ ಎಳೆದು ಜೊಲ್ಲು ಸುರಿಯುತ್ತದೆ. ಲೋಟ, ತಟ್ಟೆ, ಬಕೆಟ್ಟು, ನೋವಿಗೊಂದು ಅಳುವ ಮುಖ — ಸ್ಟ್ರೋಕ್ ಆದ ಮೇಲೆ ನನ್ನ ಲೋಕ ಇಷ್ಟೇ, ಉಳಿದಿರುವುದು ಎಡಗೈಯ ಒಂದು ತೋರುಬೆರಳು. ಥಾಣೆಯ ಟೆಲಿಫೋನ್ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಾಗ ಈ ಬೆರಳುಗಳ ದರ್ಬಾರು ಏನಿತ್ತು, ದೀಪ ಹತ್ತಿದರೆ ಪಿನ್ನು ಚುಚ್ಚು, ನಂಬರ್ ಪ್ಲೀಸ್, ಮಾತು ಮುಗಿದರೆ ಎಳೆ, ಬೈದವನ ಲೈನನ್ನೂ ಎಳೆದಿದ್ದೇನೆ, ಕಟ್ ಆಯಿತು ಸಾರ್ ಎಂದು ಮೇಲಿನವರಿಗೆ ಹೇಳಿ ಏನೂ ಅರಿಯದವಳ ಹಾಗೆ ಕೂತಿದ್ದೇನೆ, ಆಮೇಲೆ ಡಯಲ್ಲು ಬಂತು, ಆಮೇಲೆ ಗುಂಡಿ, ಗುಂಡಿ ಟಕ್ ಅನ್ನುತ್ತಿತ್ತು, ಒತ್ತಿದ್ದು ಬೆರಳಿಗೇ ಗೊತ್ತಾಗುತ್ತಿತ್ತು, ಇದು ಬರೀ ಗಾಜು, ಒತ್ತಿದೆನೋ ಸುಮ್ಮನೆ ತಾಗಿತೋ ಇದಕ್ಕೆ ಎಲ್ಲ ಒಂದೇ.

ಟ್ಯಾಬ್ ಬರುವ ಮುಂಚೆ ಮರಗಮ್ಮ ಹತ್ತಿರ ಬಂದು ಮುಖ ನೋಡಿ ಕೇಳುತ್ತಿದ್ದಳು, ನೀರ್ ಬೇಕೇನ್ರಿ ಅಮ್ಮಾರ, ಮಗ್ಗಲಾ ಬದಲ್ಸಲೇನ್ರಿ, ಕಣ್ಣು ಬಿಟ್ಟುಕೊಂಡಿದ್ದರೆ ಹೂಂ, ಗಟ್ಟಿಯಾಗಿ ಮುಚ್ಚಿದರೆ ಬೇಡ, ನಾವಿಬ್ಬರೇ ಮಾಡಿಕೊಂಡ ವ್ಯವಸ್ಥೆ, ಬೇಡವೆಂದರೆ ಬೇಡ ಬಿಡ್ರಿ ಎಂದು ತಲೆ ಸವರುತ್ತಿದ್ದಳು, ಈಗ ಟೀವಿಯಿಂದ ಕಣ್ಣು ತೆಗೆಯುವುದಿಲ್ಲ, ನಮ್ಮ ಅಮ್ಮಾರು ಈಗ ಮಾತಾಡ್ತಾರ್ರಿ, ಏನೂ ತ್ರಾಸಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳುತ್ತಾಳೆ, ಸುಡುಗಾಡು ಮಾತು. ಇಂಚರ, ಮೊಬೈಲ್ ಆಪ್‌ಗಳಿಗೆ ಪುಟ ಮಾಡುವ ಐರೋಳಿಯ ಆಫೀಸಿನಿಂದ ಬಂದು ಚಪಾತಿ ತಿನ್ನುತ್ತ ಹೇಳಿದ್ದು, ಆಗ ನನ್ನ ನಾಲಿಗೆ ನೆಟ್ಟಗಿತ್ತು, ಬೇಡ ಅನ್ನೋ ಬಟನ್ನೇ ಇಡಬಾರದು ಅಮ್ಮ, ಸರಿ ಅಂತ ದೊಡ್ಡದು, ಹಸಿರು, ಆಮೇಲೆ ಅಂತ ಚಿಕ್ಕದು, ಬೂದು, ಲೋಗ್ ಥಕ್ ಜಾತೇ ಹೈಂ, ಸುಸ್ತಾಗಿ ಕೊನೆಗೆ ಸರಿ ಒತ್ತೇ ಒತ್ತುತ್ತಾರೆ — ಜಾಣೆ ನನ್ನ ಮಗಳು ಎಂದು ಇನ್ನೊಂದು ಚಪಾತಿ ಹಾಕಿದ್ದೆ, ತುಪ್ಪ ಸವರಿ.

ಈಗ ಅವಳಿಗೆ ಪುಣೆಗೆ ವರ್ಗ, ಬದಲಾಪುರದ ಆಚೆ ವಯಸ್ಸಾದವರ ಒಂದು ಹೋಮ್ ಇದೆ ಅಮ್ಮ, ಗಾರ್ಡನ್ ಹೈ, ನರ್ಸ್ ಭೀ ಹೈ, ತುಝೇ ಪೂಛೇ ಬಿನಾ ನಹೀಂ ಕರೂಂಗೀ, ನೀನು ಹೂಂ ಅಂದ್ರೆ ಮಾತ್ರ, ಎಂದು ಹೊಸ ಪುಟವನ್ನೇ ಮಾಡಿ ತಂದಳು, ಹಸಿರು ಬಿಲ್ಲೆ, ಅದರ ಕೆಳಗೆ ಬೂದು, ಅಷ್ಟೇ, ಮೋಸ ಅನ್ನಲಾರೆ, ಕೈಗೆ ಹತ್ತಿದ ಅಭ್ಯಾಸ, ಕಣ್ಣ ಕೆಳಗೆ ಕಪ್ಪು ಕಟ್ಟಿದೆ ಮಗುವಿಗೆ, ನಾನು ಒಲ್ಲೆ, ಶ್ರೀನಿ ಸತ್ತದ್ದು ಇದೇ ಕೋಣೆಯಲ್ಲಿ, ನನ್ನ ಗಂಡ ಕೊನೆಗೆ ನೋಡಿದ ಗೋಡೆಯನ್ನೇ ನಾನೂ ನೋಡಿ ಸಾಯಬೇಕು, ಇಷ್ಟನ್ನು ಕಡ್ಡಿ ಮುರಿದ ಹಾಗೆ ಹೇಳಬೇಕು, ಹೇಳಲು ಚಿತ್ರವಿಲ್ಲ, ದಿನಾ ಬೂದು ಮುಟ್ಟಿದೆ, ಬಾದ್ ಮೇಂ, ಆಮೇಲೆ, ಅಂದಳು ಆ ಹುಡುಗಿ, ಮಾರನೆಯ ದಿನ ಮತ್ತೆ ಅದೇ ಪುಟ, ನಿನ್ನೆ ರೋಸಿಹೋಗಿ ಹಿಂದಿನ ಪುಟಕ್ಕೆ ಹೋಗಿ ಲೋಟವನ್ನೇ ಮುಟ್ಟಿದೆ, ಮುಟ್ಟುತ್ತಲೇ ಇದ್ದೆ, ಬೇಡ ಬೇಡ ಬೇಡ ಎಂದು, ಮರಗಮ್ಮ ನೀರು ಕುಡಿಸಿದಳು, ಉಸಿರು ಕಟ್ಟುವಷ್ಟು.

ಇವತ್ತು ಬೂದು ಇಲ್ಲ. ಲೋಟವೂ ಇಲ್ಲ, ಹಸಿರೊಂದೇ, ಆಜ್ ಬತಾನಾ ಪಡೇಗಾ ಅಮ್ಮ, ಇವತ್ತು ಹೇಳಲೇಬೇಕು, ನಾಳೆ ಆ ಬೆಡ್ ಬೇರೆಯವರಿಗೆ ಹೋಗುತ್ತೆ, ಇಂಚರ ಮಂಚದ ಅಂಚಿಗೆ ಕೂತಿದ್ದಾಳೆ, ನನಗೆ ಭಯವಾಗುತ್ತಿದೆ, ಕಣ್ಣು ಮುಚ್ಚುತ್ತೇನೆ, ಗಟ್ಟಿಯಾಗಿ, ನೋಡೇ ಮರಗಮ್ಮ, ನಿನಗೆ ಗೊತ್ತಲ್ಲ ಇದು — ಅವಳು ಟ್ಯಾಬಿನ ಹಿಂದೆ ನಿಂತಿದ್ದಾಳೆ, ನನ್ನ ಮುಖ ಅವಳಿಗೆ ಕಾಣುವುದಿಲ್ಲ, ಸೋ ಗಯೀ ಕ್ಯಾ, ನಿದ್ದೆ ಬಂತಾ ಅಮ್ಮ, ಕಣ್ಣು ತೆಗಿ ಅನ್ನುತ್ತಾಳೆ ಇಂಚರ, ತೆಗೆದರೆ ಹಸಿರು, ಬೆರಳನ್ನು ಗಾಳಿಯಲ್ಲೇ ಎತ್ತಿ ಹಿಡಿದಿದ್ದೇನೆ, ಹಿಡಿದೇ ಇರುತ್ತೇನೆ, ಎಳೆಯುವ ಪಿನ್ನು ಎಲ್ಲಿ, ಒಂದು ಪಿನ್ನು, ಮಗಳು ನನ್ನ ಮೊಣಕೈ ಕೆಳಗೆ ಮೆಲ್ಲಗೆ ಕೈ ಕೊಡುತ್ತಾಳೆ, ನನಗೆ ಕಷ್ಟವಾಗದಿರಲಿ ಎಂದು, ಅವಳ ಅಂಗೈ ಬೆಚ್ಚಗಿದೆ, ಬೆರಳಿಗೆ ಗಾಜು ತಣ್ಣಗೆ ತಾಗುತ್ತದೆ, ಠೀಕ್ ಹೈ ಅನ್ನುತ್ತಾಳೆ ಯಾವಳೋ ಹುಡುಗಿ ನನ್ನ ಪರವಾಗಿ, ಹಸಿರು, ಹಸಿರು ಬಿಲ್ಲೆ