ಹಗ್ಗದ ಆ ತುದಿಯವಳಿಗೆ ಯಾವ ಟೈರು

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಟೈರಿನಿಂದ ಶುರು ಮಾಡಿದರೆ ಗ್ಯಾರೇಜಿನವರು ಮಾತ್ರ ಓದುತ್ತಾರೆ. ಪ್ರೀತಿಯಿಂದ ಶುರು ಮಾಡಿದರೆ ಗ್ಯಾರೇಜಿನವರು ಎದ್ದು ಹೋಗುತ್ತಾರೆ. ನನಗೆ ಎರಡೂ ಬಗೆಯ ಓದುಗರು ಬೇಕು.

ಮೊದಲು ಹೀಗೆ ಬರೆದೆ: ‘ಗುಲ್ಬೆನೆ ಊರಿನ ಆಚೆಗಿನ ಸರೋವರ ಬಿಳಿಯ ಹೊದಿಕೆ ಹೊದ್ದು ಮಲಗಿತ್ತು.’ ಬರೆದ ಕೂಡಲೇ ಹೊಡೆದು ಹಾಕಿದೆ. ನಮ್ಮ ಕಡೆ ಹಿಮವನ್ನು ಯಾರೂ ಹೊದಿಕೆ ಅನ್ನುವುದಿಲ್ಲ. ಬೆಳಿಗ್ಗೆ ಎದ್ದು, ಬೈದುಕೊಂಡು, ಸಲಿಕೆಯಲ್ಲಿ ಎತ್ತಿ ಹಾಕುತ್ತಾರೆ.

ಆಮೇಲೆ ಹೀಗೆ ಬರೆದೆ: ‘ಉಲ್ವಿಸ್ ಎರಡು ಟೈರುಗಳನ್ನು ಹಿಡಿದು ನಿಂತಿದ್ದ.’ ಇದು ಪರವಾಗಿಲ್ಲ. ನಿಜಕ್ಕೂ ನಿಂತಿದ್ದ. ಇಲ್ಲಿಂದಲೇ ಹೋಗೋಣ.

೧

ನಿಂತಿದ್ದು ಔಸ್ಮಾಳ ಟೈರು ಶೆಡ್ಡಿನಲ್ಲಿ. ಔಸ್ಮಾ ವಯಸ್ಸಾದ ಹೆಂಗಸು. ಗಂಡನನ್ನು ಬಿಟ್ಟು ಬಂದು ತಾನೇ ಹಾಕಿದ ಶೆಡ್ಡು ಅದು. (ಈ ಕಥೆಯಲ್ಲಿ ಬಹುತೇಕ ಎಲ್ಲರೂ ಯಾರನ್ನಾದರೂ ಬಿಟ್ಟವರೇ. ಅದನ್ನು ದೊಡ್ಡದು ಮಾಡಬೇಡಿ.) ಉಲ್ವಿಸ್‌ನ ಎಡಗೈಯಲ್ಲಿ ಗಿಡ್ಡ ಮೊಳೆಗಳ ಟೈರು, ಬಲಗೈಯಲ್ಲಿ ಉದ್ದ ಮೊಳೆಗಳದ್ದು. ಎರಡೂ ಬೈಕಿನ ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರದ ಬಗ್ಗೆ ಜಗಳವಿಲ್ಲ.

“ಅವಳಿ ಮಕ್ಕಳನ್ನ ಎತ್ಕೊಂಡ ಹಾಗೆ ನಿಂತಿದ್ದೀಯಲ್ಲೋ,” ಎಂದಳು ಔಸ್ಮಾ. “ಯಾವುದು ಬೇಕು ಹೇಳು, ಕೈ ಸೋತು ಹೋಗುತ್ತೆ.”

“ಯಾವುದು ಒಳ್ಳೇದು?”

“ಗೆಲ್ಲೋಕೋ, ಸುಮ್ನೆ ಸುತ್ತಿ ಬರೋಕೋ?”

“ಹಿಂದೆ ಸೆಲ್ಗಾ ಇರ್ತಾಳೆ.”

“ಇರ್ತಾಳಾ?” ಎಂದು ಔಸ್ಮಾ ಕನ್ನಡಕದ ಮೇಲಿಂದ ನೋಡಿದಳು. “ಗಟಿಸೂ ಈ ಸಲ ಓಡಿಸ್ತಾನಲ್ಲ, ಅವಳನ್ನ ಕರೆದಿದ್ದಾನಂತೆ. ನನ್ ಹಿಂದೆ ಬಾ ಅಂತ. ಊರೆಲ್ಲ ಗೊತ್ತು, ನಿಂಗ್ ಗೊತ್ತಿಲ್ವಾ?”

ಉಲ್ವಿಸ್‌ಗೆ ಗೊತ್ತಿತ್ತು. ಆದ್ದರಿಂದಲೇ ಟೈರು ಆರಿಸುವುದು ಅಷ್ಟು ಕಷ್ಟವಾಗಿತ್ತು.

(ದೂರದ ಓದುಗರಿಗೆ ಎರಡು ಮಾತು. ಇಲ್ಲಿ ಚಳಿಗಾಲದಲ್ಲಿ ಸರೋವರ ಗಟ್ಟಿಯಾದ ಮೇಲೆ ಒಂದು ಪಂದ್ಯ ನಡೆಯುತ್ತದೆ. ಮುಂದೆ ಮೊಳೆ ಟೈರಿನ ಬೈಕು, ಹಿಂದೆ ಉದ್ದನೆಯ ಹಗ್ಗ, ಹಗ್ಗದ ತುದಿ ಹಿಡಿದು ಸ್ಕೀ ಮೇಲೆ ನಿಂತ ಇನ್ನೊಬ್ಬರು. ಇಬ್ಬರೂ ಒಟ್ಟಿಗೆ ಗೆರೆ ದಾಟಿದರೆ ಮಾತ್ರ ಲೆಕ್ಕ. ಟೈರಿನ ಮೊಳೆ ಉದ್ದವಾದಷ್ಟೂ ಹಿಡಿತ ಹೆಚ್ಚು, ಕಿತ್ತೆಸೆಯುವ ಚೂರೂ ದೊಡ್ಡದು. ಟೈರು ಆರಿಸುವವರು ಮುಂದಿನವರು. ಆ ಟೈರು ಕಿತ್ತು ಎಸೆಯುವ ಮಂಜುಗಡ್ಡೆಯ ಚೂರು ತಿನ್ನುವವರು ಹಿಂದಿನವರು. ಹಿಂದಿನ ಚಕ್ರಕ್ಕೊಂದು ರಬ್ಬರ್ ಪರದೆ ಇರುತ್ತದೆ. ಅದು ತಡೆದಷ್ಟು ತಡೆಯುತ್ತದೆ.)

ಉಲ್ವಿಸ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಸೆಲ್ಗಾ ಊರಲ್ಲಿ ಕೂದಲು ಕತ್ತರಿಸುತ್ತಾಳೆ. ಬಹಳ ವರ್ಷ ಗಂಡ ಹೆಂಡತಿಯಾಗಿದ್ದರು, ಈಗ ಅಲ್ಲ. ಬೇರೆಯಾದಾಗ ಮನೆ ಅವಳಿಗೆ ಹೋಯಿತು, ಗ್ಯಾರೇಜು ಅವನಿಗೆ ಉಳಿಯಿತು, ನಾಯಿ ವಾರಕ್ಕೊಬ್ಬರ ಬಳಿ ಎಂದಾಯಿತು. ಹಗ್ಗದ ವಿಷಯವನ್ನು ಯಾರೂ ಎತ್ತಲಿಲ್ಲ. ಚಳಿಗಾಲ ಬಂತು, ಸರೋವರ ಗಟ್ಟಿಯಾಯಿತು, ಸೆಲ್ಗಾ ಸ್ಕೀ ಹೆಗಲಿಗೇರಿಸಿಕೊಂಡು ಬಂದು ಅವನ ಬೈಕಿನ ಹಿಂದೆ ನಿಂತಳು. ಅಷ್ಟೇ. ಅವರಿಬ್ಬರ ನಡುವೆ ಈಗ ಉಳಿದಿರುವುದು ನಾಯಿ, ಮತ್ತು ಆ ಹಗ್ಗ.

ಹೋದ ಚಳಿಗಾಲದಲ್ಲಿ ಉದ್ದ ಮೊಳೆಯ ಟೈರು ಕಿತ್ತೆಸೆದ ಒಂದು ಮಂಜುಗಡ್ಡೆಯ ಚೂರು ಸೆಲ್ಗಾಳ ಗಲ್ಲವನ್ನು ಸೀಳಿತು. ಅವಳು ಹಗ್ಗ ಬಿಡಲಿಲ್ಲ. ಗೆರೆ ದಾಟಿದ ಮೇಲೆ ಉಲ್ವಿಸ್ ನಗುತ್ತಾ ಹಿಂದೆ ತಿರುಗಿದ. ಅವಳ ಕೋಟಿನ ಎದೆಯೆಲ್ಲ ಕೆಂಪಾಗಿತ್ತು. ಆ ನಗು ತನ್ನ ಮುಖದ ಮೇಲಿತ್ತಲ್ಲ ಎಂಬುದನ್ನು ಅವನಿಗೆ ಇನ್ನೂ ಮರೆಯಲಾಗಿಲ್ಲ.

ಅದಕ್ಕೇ ಗಿಡ್ಡ ಮೊಳೆಯದ್ದನ್ನು ಆರಿಸಿದ. ಔಸ್ಮಾ ಬಿಡಲಿಲ್ಲ. “ಎರಡೂ ತಗೊಂಡು ಹೋಗು. ಬೇಡದ್ದನ್ನ ಸೋಮವಾರ ತಂದ್ ಹಾಕು. ನಿನ್ನ ಮುಖ ನೋಡಿದ್ರೆ ತೀರ್ಮಾನ ಆದ ಹಾಗಿಲ್ಲ.”

೨

ಇಲ್ಲಿಗೆ ನನ್ನ ಮೊದಲ ಕರಡು ಮುಗಿದಿತ್ತು. ಕೊನೆಯ ಸಾಲು ಹೀಗಿತ್ತು: ‘ಪ್ರೀತಿಯೆಂದರೆ ಗಿಡ್ಡ ಮೊಳೆಯನ್ನು ಆರಿಸುವುದು.’ ಬರೆದು ಬೆನ್ನು ತಟ್ಟಿಕೊಂಡೆ.

ತೊಂದರೆ ಏನೆಂದರೆ, ನನ್ನ ಕೂದಲು ಕತ್ತರಿಸುವವಳೂ ಸೆಲ್ಗಾಳೇ. ಶುಕ್ರವಾರ ಅವಳ ಕುರ್ಚಿಯಲ್ಲಿ ಕೂತಾಗ ಸುಮ್ಮನಿರಲಾರದೆ ಆ ಸಾಲನ್ನು ಓದಿ ಹೇಳಿದೆ. ಕತ್ತರಿ ಕಿವಿಯ ಪಕ್ಕದಲ್ಲೇ ನಿಂತಿತು.

“ಗಿಡ್ಡ ಮೊಳೆ ತಗೊಂಡ್ನಾ?”

“ನಿನ್ನ ಒಳ್ಳೇದಕ್ಕೆ, ಸೆಲ್ಗಾ.”

“ನನ್ನ ಕೇಳಿದ್ನಾ?”

“ಇಲ್ಲ. ಆದ್ರೆ...”

“ನೀನು ಕೇಳಿದ್ಯಾ, ಬರೆಯೋ ಮುಂಚೆ?”

ನಾನು ಕನ್ನಡಿ ನೋಡಿದೆ. ಅರ್ಧ ಕತ್ತರಿಸಿದ ತಲೆ. ವಾದ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ.

“ಅಡಿಗೆಮನೆ ಬಣ್ಣ ಬದಲಾಯಿಸಿದ, ನನ್ನ ಒಳ್ಳೇದಕ್ಕೆ,” ಎಂದಳು ಕತ್ತರಿ ಆಡಿಸುತ್ತಾ. “ರೀಗಾದಲ್ಲಿ ನನಗೊಂದು ಕೆಲಸ ಬಂದಿತ್ತು. ಅವರು ಫೋನ್ ಮಾಡಿದಾಗ, ಅವಳಿಗೆ ದೂರ ಆಗುತ್ತೆ ಅಂತ ತಾನೇ ಹೇಳಿಬಿಟ್ಟ. ನನ್ನ ಒಳ್ಳೇದಕ್ಕೆ. ಒಳ್ಳೇ ಮನುಷ್ಯ ಕಣೋ ಅವನು, ಅದೇ ಕಷ್ಟ. ಕೆಟ್ಟವನಾಗಿದ್ರೆ ಬೇಗ ಬಿಟ್ಟಿರ್ತಿದ್ದೆ. ತಲೆ ಬಗ್ಗಿಸು.”

ಬಗ್ಗಿಸಿದೆ.

“ನೀವಿಬ್ರೂ ಒಂದೇ,” ಎಂದಳು ನನ್ನ ಕತ್ತಿನ ಹಿಂದಿನಿಂದ. “ಅವನು ಮುಂದೆ ನೋಡ್ಕೊಂಡು ಓಡಿಸ್ತಾನೆ, ನೀನು ಮುಂದೆ ನೋಡ್ಕೊಂಡು ಬರೀತೀಯ. ಹಿಂದೆ ಇರೋರಿಗೆ ಹೇಗಿದೆ ಅಂತ ಇಬ್ರಿಗೂ ಬೇಡ.”

ಆ ಕೊನೆಯ ಸಾಲನ್ನು ಮನೆಗೆ ಬಂದು ಹೊಡೆದು ಹಾಕಿದೆ. ಕ್ಷೌರ ಚೆನ್ನಾಗಿಯೇ ಆಗಿತ್ತು, ಅದು ಬೇರೆ ಮಾತು.

೩

ಶನಿವಾರ ಇಬ್ಬರೂ ಮರುದಿನದ ಪಂದ್ಯದ ಅಭ್ಯಾಸಕ್ಕೆ ಬಂದರು. (ನಾನೂ ಸ್ಕೀ ಕಟ್ಟಿಕೊಂಡು ಹೋದೆ. ಮೇಲಿನ ಬೈಗುಳ ತಿಂದ ಮೇಲೆ ಮನೆಯಲ್ಲಿ ಕೂತು ಬರೆಯಲು ಧೈರ್ಯ ಬರಲಿಲ್ಲ.)

ಗಾಳಿ ಸರೋವರದ ಮೇಲಿನ ಹಿಮವನ್ನೆಲ್ಲ ಗುಡಿಸಿ, ಮಂಜುಗಡ್ಡೆಯನ್ನು ಗಾಜಿನ ಹಾಗೆ ನುಣ್ಣಗೆ ಮಾಡಿಟ್ಟಿತ್ತು. ಗಿಡ್ಡ ಮೊಳೆಗಳು ಅದರ ಮೇಲೆ ಗೀಚಿದವೇ ಹೊರತು ಕಚ್ಚಲಿಲ್ಲ. ಉಲ್ವಿಸ್ ಎಕ್ಸಲರೇಟರ್ ತಿರುವಿದ. ಚಕ್ರ ನಿಂತಲ್ಲೇ ತಿರುಗಿತು. ಹಗ್ಗ ಜೋಲು ಬಿತ್ತು. ಮರುಕ್ಷಣ ಮೊಳೆಗೆ ಎಲ್ಲೋ ಹಿಡಿತ ಸಿಕ್ಕಿ ಬೈಕು ಜಿಗಿಯಿತು. ಹಗ್ಗ ಚಾಟಿಯ ಹಾಗೆ ಸೆಟೆದು ಸೆಲ್ಗಾಳ ತೋಳನ್ನು ಜಗ್ಗಿತು. ಮತ್ತೆ ಜೋಲು, ಮತ್ತೆ ಜಗ್ಗು. ಮಂಜಿನ ಚೂರುಗಳೇನೋ ಸಣ್ಣವಾಗಿದ್ದವು. ಉಲ್ವಿಸ್‌ಗೆ ಅಷ್ಟೇ ಮುಖ್ಯವಾಗಿತ್ತು.

ತಿರುವಿಗೆ ಬರುವ ಮೊದಲೇ ಸೆಲ್ಗಾ ಹಗ್ಗ ಬಿಟ್ಟಳು. ಇಷ್ಟು ವರ್ಷಗಳಲ್ಲಿ ಅವಳು ಬೇಕೆಂದು ಹಗ್ಗ ಬಿಟ್ಟದ್ದನ್ನು ನಾನು ನೋಡಿರಲಿಲ್ಲ.

ಅವನು ತಿರುಗಿ ಬಂದ. “ಪೆಟ್ಟಾಯ್ತಾ?”

“ಇಳಿ.”

“ಏನಾಯ್ತು ಹೇಳು.”

“ಹೇಳಲ್ಲ. ಇಳಿ ಕೆಳಗೆ. ನಾನು ಓಡಿಸ್ತೀನಿ, ನೀನು ಹಿಂದೆ ನಿಂತ್ಕೋ.”

“ನಿಂಗೆ ಈ ಬೈಕು...”

“ನಿನ್ನ ಮದುವೆ ಆಗೋ ಮುಂಚೆ ನಮ್ಮಪ್ಪನ ಬೈಕನ್ನ ಯಾರು ಓಡಿಸ್ತಿದ್ರು? ಕೋಳಿನಾ? ಇಳಿಯೋ.”

ನನ್ನ ಸ್ಕೀಗಳನ್ನು ಉಲ್ವಿಸ್‌ಗೆ ಕೊಟ್ಟೆ. (ಕಥೆಗಾರರಿಂದ ಪಾತ್ರಕ್ಕೆ ಇದಕ್ಕಿಂತ ಹೆಚ್ಚಿನ ಸಹಾಯ ಆಗುವುದು ಅಪರೂಪ.) ಅವನು ಹಗ್ಗದ ಹಿಡಿ ಹಿಡಿದು ನಿಂತ. ಚಿಕ್ಕಂದಿನಿಂದ ಸ್ಕೀ ಗೊತ್ತಿದ್ದವನೇ. ಆದರೆ ಹಗ್ಗದ ಆ ತುದಿಯಲ್ಲಿ ಒಂದು ದಿನವೂ ನಿಂತವನಲ್ಲ.

ಸೆಲ್ಗಾ ಹೊರಟಳು. ಹಗ್ಗ ಜೋಲು ಬಿದ್ದಾಗ ಅವನು ಮುಂದಕ್ಕೆ ಮುಗ್ಗರಿಸಿ, ಯಾವಾಗ ಜಗ್ಗುತ್ತದೋ ಎಂದು ಕಾದ. ಕಾದ ಗಳಿಗೆಯಲ್ಲಿ ಬರಲಿಲ್ಲ. ಮೈ ಸಡಿಲ ಬಿಟ್ಟ ಗಳಿಗೆಯಲ್ಲಿ ಬಂತು. ಮುಂದೆ ಕಾಣುತ್ತಿದ್ದುದು ಒಂದು ಬೆನ್ನು ಮಾತ್ರ. ಆ ಬೆನ್ನು ಏನು ಯೋಚಿಸುತ್ತಿದೆ, ಬ್ರೇಕ್ ಹಿಡಿಯುತ್ತದೋ, ತಿರುಗುತ್ತದೋ, ಯಾವುದೂ ತಿಳಿಯಲಿಲ್ಲ. ಮೂರನೆಯ ಜಗ್ಗಿಗೆ ಉಲ್ವಿಸ್ ಮುಖ ಅಡಿಯಾಗಿ ಬಿದ್ದು, ಹೊಟ್ಟೆಯ ಮೇಲೆ ದೂರದವರೆಗೆ ಜಾರಿಕೊಂಡು ಹೋದ.

ಸೆಲ್ಗಾ ಬೈಕು ನಿಲ್ಲಿಸಿ ಬಂದಳು. ಅವನ ಮೀಸೆಯ ಮೇಲಿದ್ದ ಹಿಮವನ್ನು ಕೈಗವಸಿನಿಂದ ಒರೆಸಿದಳು, ಕೆಲಸ ಮಾಡುವವಳ ಹಾಗೆ, ಚುರುಕಾಗಿ.

“ಹೀಗಿರುತ್ತಾ?” ಎಂದ ಅವನು, ಬಿದ್ದಲ್ಲಿಂದಲೇ.

“ಹೀಗೇ.”

“ಹೇಳಬಾರದಿತ್ತಾ?”

“ಎಷ್ಟು ಸಲ ಹೇಳಿದೆ! ಇಂಜಿನ್ ಸದ್ದಲ್ಲಿ ನಿಂಗ್ ಕೇಳಿಸ್ತಿರಲಿಲ್ಲ.”

“ನಾಳೆ ಗಟಿಸ್ ಜೊತೆ ಹೋಗ್ತೀಯಾ?”

ಸೆಲ್ಗಾ ಅವನ ಕಾಲಿನ ಸ್ಕೀ ಬಿಚ್ಚುತ್ತಿದ್ದಳೋ, ಮತ್ತೆ ಕಟ್ಟುತ್ತಿದ್ದಳೋ ನನಗೆ ನೆನಪಿಲ್ಲ. ಉತ್ತರ ಮಾತ್ರ ನೆನಪಿದೆ. “ನಾಳೆ ಹೇಳ್ತೀನಿ.”

೪

ನಾಳೆಯವರೆಗೆ ಕಾಯುವ ತಾಳ್ಮೆ ಬರೆಯುವವರಿಗೆ ಇರುವುದಿಲ್ಲ. ಸಂಜೆ ಕೂತು ಮೂರು ಮುಕ್ತಾಯ ಬರೆದೆ. ಭಾನುವಾರ ಬೆಳಿಗ್ಗೆ ಮೂರನ್ನೂ ಜೇಬಿಗೆ ಹಾಕಿಕೊಂಡು ಸರೋವರಕ್ಕೆ ಹೋದೆ. ದಡದ ಮೇಲೆ ಹಂಡೆಯಲ್ಲಿ ಬಟಾಣಿಯೂ ಹಂದಿಯ ಕೊಬ್ಬೂ ಬೇಯುತ್ತಿದ್ದವು, ಉಲ್ವಿಸ್ ವ್ಯಾನಿನ ಪಕ್ಕದಲ್ಲಿ ಆ ಎರಡು ಟೈರು ಹಾಕಿದ ಚಕ್ರಗಳನ್ನು ಒರಗಿಸಿಕೊಂಡು ಕೂತಿದ್ದ. ಅವನಿಗೇ ಓದಲು ಕೊಟ್ಟೆ.

ಮುಕ್ತಾಯ ಒಂದು: ಉಲ್ವಿಸ್ ಮತ್ತು ಸೆಲ್ಗಾ ಗೆಲ್ಲುತ್ತಾರೆ.

“ಗಟಿಸ್‌ನ ಬೈಕು ನೋಡಿದ್ದೀಯಾ?” ಎಂದ.

ಮುಕ್ತಾಯ ಎರಡು: ಮತ್ತೆ ಮದುವೆಯಾಗುತ್ತಾರೆ.

“ಇದನ್ನ ಅವಳಿಗೆ ತೋರಿಸಬೇಡ. ಮುಂದಿನ ಸಲ ಕಿವಿ ಕತ್ತರಿಸ್ತಾಳೆ.”

ಮುಕ್ತಾಯ ಮೂರು: ಸೆಲ್ಗಾ ಗಟಿಸ್‌ನ ಹಿಂದೆ ನಿಲ್ಲುತ್ತಾಳೆ. ಗಟಿಸ್ ಒಳ್ಳೆಯವನು, ಹುಷಾರಾಗಿ ಓಡಿಸುವವನು. ಉಲ್ವಿಸ್ ದಡದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾನೆ.

ಇದನ್ನು ಅವನು ಎರಡು ಸಲ ಓದಿದ. ಹಾಳೆಯನ್ನು ಮಡಿಸಿ, ಕೊಡದೆ, ತನ್ನ ಜೇಬಿಗೇ ಹಾಕಿಕೊಂಡ.

ಸೆಲ್ಗಾ ಬಂದಳು. ಮೊದಲು ಗಟಿಸ್‌ನ ವ್ಯಾನಿನ ಹತ್ತಿರ ಹೋದಳು. ಬಹಳ ಹೊತ್ತು ಮಾತಾಡಿದಳು, ನಕ್ಕಳು ಕೂಡ. ಉಲ್ವಿಸ್ ಬೂಟಿನ ದಾರ ಬಿಚ್ಚಿ ಕಟ್ಟಿದ, ಮತ್ತೆ ಬಿಚ್ಚಿದ. (ಇಲ್ಲಿ ಅವನ ಎದೆ ಹೇಗೆ ಬಡಿದುಕೊಂಡಿತು ಎಂದು ಒಂದು ಪ್ಯಾರಾ ಬರೆಯಬಹುದು. ಬೇಡ. ದಾರ ಸಾಕು.) ಆಮೇಲೆ ಅವಳು ನಮ್ಮ ಕಡೆ ನಡೆದು ಬಂದಳು.

ಉಲ್ವಿಸ್ ಎದ್ದು ನಿಂತ. ಅವಳು ಬಾಯಿ ತೆರೆಯುವ ಮೊದಲೇ ಕೇಳಿದ:

“ಯಾವುದು ಹಾಕ್ಲಿ?”

ಸೆಲ್ಗಾ ಅವನನ್ನು ನೋಡಿದಳು, ಚಕ್ರಗಳನ್ನು ನೋಡಿದಳು. ಕೈಗವಸು ಕಳಚಿ ಉದ್ದ ಮೊಳೆಗಳ ಮೇಲೆ ಅಂಗೈ ಇಟ್ಟಳು. “ಇದು ಹೊಡೆಯುತ್ತೆ.”

“ಹ್ಞೂಂ.”

“ಮುಖಕ್ಕೇ.”

“ಹ್ಞೂಂ. ನಂಗೆ ಭಯ ಆಗುತ್ತೆ, ಸೆಲ್ಗಾ.”

“ನಂಗೂ ಆಗುತ್ತೆ. ಆದ್ರೆ ಮಂಜು ಬಂದು ಹೊಡೆದಾಗ ನೀನು ಮುಂದೆ ಇದ್ದೀಯ ಅಂತ ಗೊತ್ತಾಗುತ್ತೆ. ಹಗ್ಗ ಜೋಲು ಬಿದ್ರೆ ಇದ್ದೀಯೋ ಇಲ್ವೋ ಗೊತ್ತಾಗಲ್ಲ. ಅದು ನನ್ ಕೈಲಿ ಆಗಲ್ಲ.”

“ಗಟಿಸ್ ಹಾಕಿರೋದೂ ಉದ್ದದ್ದೇ.”

“ನೋಡ್ದೆ.” ಅವಳು ಕೈಗವಸು ಮತ್ತೆ ಹಾಕಿಕೊಂಡಳು. “ಅವನೂ ಕೇಳಲಿಲ್ಲ ನನ್ನ.”

ಇದು ಹೌದು ಎಂದೋ ಅಲ್ಲ ಎಂದೋ? ನಿಮ್ಮ ಹಾಗೆಯೇ ನನಗೂ ಗೊತ್ತಾಗಲಿಲ್ಲ. ಉಲ್ವಿಸ್‌ಗೂ ಗೊತ್ತಾಗಲಿಲ್ಲ, ಅವನ ಮುಖ ನೋಡಿದೆ. ಆದರೂ ಅವನು ಉದ್ದ ಮೊಳೆಯ ಚಕ್ರವನ್ನು ಬೈಕಿಗೆ ಕೂರಿಸತೊಡಗಿದ. ಸೆಲ್ಗಾ ಸ್ಕೀಗಳನ್ನು ಹಿಮದಲ್ಲಿ ನೆಟ್ಟು, ಅವನ ಪಕ್ಕದಲ್ಲಿ ಮಂಡಿಯೂರಿದಳು.

ನಾನು ಪೆನ್ನು ತೆಗೆದೆ. “ಹಾಗಾದ್ರೆ ಇವತ್ತು ಇವನ ಹಿಂದೆಯೇ ನಿಲ್ತೀಯಾ? ಅದೊಂದು ಹೇಳಿಬಿಡು, ಮುಗಿಸ್ತೀನಿ.”

“ಮುಗಿಸೋಕೆ ಎಲ್ರಿಗೂ ಅವಸರ,” ಎಂದಳು. “ಮೊದ್ಲು ಚಕ್ರ ಕೂರಲಿ. ಪೆನ್ನು ಒಳಗಿಡು. ಈ ಸ್ಪ್ಯಾನರ್ ಹಿಡ್ಕೋ. ಆ ಕೈಯಲ್ಲಿ ಬೈಕು ಹಿಡಿ, ವಾಲ್ತಾ ಇದೆ.”

ಹಿಡಿದೆ. ಲೋಹ ಕೈಗವಸಿನೊಳಗಿಂದಲೂ ಚುಚ್ಚುವಷ್ಟು ತಣ್ಣಗಿತ್ತು. ಧ್ವನಿವರ್ಧಕದಲ್ಲಿ ಹೆಸರುಗಳನ್ನು ಕೂಗಲು ಶುರುಮಾಡಿದರು. ಉಲ್ವಿಸ್ ಚಕ್ರದ ಅಚ್ಚಾಗುವ ಕಬ್ಬಿಣದ ಸರಳನ್ನು ತೂತಿಗೆ ಒತ್ತುತ್ತಿದ್ದ, ತೂತು ನೇರಕ್ಕೆ ಬರುತ್ತಿರಲಿಲ್ಲ. ಸೆಲ್ಗಾ ಬೂಟಿನ ತುದಿಯನ್ನು ಚಕ್ರದ ಅಡಿಗೆ ತೂರಿಸಿ ಮೆಲ್ಲಗೆ ಎತ್ತಿದಳು.

ಓದುಗರೇ, ಅವರಿಬ್ಬರ ಹೆಸರನ್ನು ಒಟ್ಟಿಗೆ ಕೂಗಿದರೇ ಎಂದು ಕೇಳಬೇಡಿ. ನನ್ನ ಎರಡೂ ಕೈ ಕೆಲಸದಲ್ಲಿವೆ, ಬರೆಯಲಾರೆ.

“ಸಾಕಾ?” ಎಂದಳು ಸೆಲ್ಗಾ.

“ಇನ್ನೂ ಸ್ವಲ್ಪ.”

“ಇಷ್ಟು?”

“ಜಾಸ್ತಿ ಆಯ್ತು. ಕೆಳಗೆ... ನಿಂಗೆ ಭಾರ ಆಗ್ತಿದೆಯಾ?”

“ಆಗ್ತಿದೆ. ಬೇಗ ತೂರಿಸು.”